ಬಳ್ಳಾರಿ ಹೋಟೆಲುಗಳಲ್ಲಿ ಸಣ್ಣ ಪ್ಲೇಟೂ ಇರಲಿ

ಮಾನ್ಯ ಸಂಪಾದಕರೇ,

ಬಳ್ಳಾರಿ, ಹೊಸಪೇಟೆ ಕಡೆಯ ಹೋಟೆಲ್ ಮಾಲೀಕರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಮನೆಮಂದಿಯೆಲ್ಲ ಸೇರಿ ಬಂದಾಗ ಹಂಚಿಕೊಂಡು ತಿನ್ನೋಕೆ ಸಣ್ಣ ಪ್ಲೇಟ್ ಇಡಿ, ಕೂತು ಮಾತಾಡೋಕೆ ಸ್ವಲ್ಪ ಟೈಮ್ ಕೊಡಿ. ಕೇಳುತ್ತಿರುವುದು ಇಷ್ಟೇ. ಇದೇನು ದೊಡ್ಡ ವಿಷಯ ಅಂತ ಅನಿಸಬಹುದು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದ ಆದರೂ ದಯವಿಟ್ಟು ಪೂರ್ತಿ ಹಾಕಿ.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಅವಳ ಕಾಲದ ಎಷ್ಟೋ ಜನರ ಹಾಗೆ ಅವಳಿಗೂ ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲ. ಶಾಲೆ ದಾಖಲೆಯಲ್ಲಿ ಜೂನ್ 1 ಅಂತಿದೆ, ಅದು ಮೇಷ್ಟ್ರು ಬರೆದುಕೊಂಡಿದ್ದು. ನಮ್ಮಜ್ಜಿ ಹೇಳುತ್ತಿದ್ದ ಲೆಕ್ಕವೇ ಬೇರೆ. ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತಲ್ಲ, ಆಗ ನಿಮ್ಮವ್ವ ತೊಟ್ಟಿಲ ಕೂಸು ಅನ್ನುತ್ತಿದ್ದಳು. ಅದು 1953ರ ಅಕ್ಟೋಬರ್ 1. ತುಂಗಭದ್ರಾ ಡ್ಯಾಮಿನ ನೀರು ಕಾಲುವೆಗೆ ಬಂದಿದ್ದೂ ಅದೇ ವರ್ಷ. ಹಾಗಾಗಿ ಮಕ್ಕಳೆಲ್ಲ ಸೇರಿ ಅಕ್ಟೋಬರ್ 1 ಅನ್ನೇ ಅವಳ ಹುಟ್ಟುಹಬ್ಬ ಅಂತ ಗೊತ್ತುಮಾಡಿದೆವು. ಎಲ್ಲರ ಹುಟ್ಟುಹಬ್ಬಕ್ಕೂ ಒಲೆ ಮುಂದೆ ನಿಂತವಳು ಅವಳು. ಅವಳ ಹುಟ್ಟುಹಬ್ಬದ ದಿನವಾದರೂ ಒಲೆ ಹಚ್ಚದೆ ಕೂತು ಉಣ್ಣಲಿ ಅನ್ನೋದು ನಮ್ಮ ಆಸೆ.

ಹಿಂದೊಮ್ಮೆ ಇಲ್ಲೇ, ನಮ್ಮೂರಿನ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆವು. ಹೆಸರು ಬರೆಯಲ್ಲ, ಯಾಕಂದರೆ ಇದು ಒಂದು ಹೋಟೆಲಿನ ಮಾತಲ್ಲ, ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ ಇದೆ. ಕೂತ ಕೂಡಲೇ ಆರ್ಡರ್ ಹೇಳಬೇಕು. ಎಲ್ಲವೂ ಒಟ್ಟಿಗೇ ಬಂದು ಮೇಜಿನ ಮೇಲೆ ಕೂರುತ್ತೆ. ಗೋಬಿ ಮಂಚೂರಿ ಒಂದು ರಾಶಿ, ಪನೀರ್ ಗ್ರೇವಿ ಮೂರು ಜನಕ್ಕೆ ಆಗುವಷ್ಟು, ಜೊತೆಗೆ ನಾನ್, ಫ್ರೈಡ್ ರೈಸ್. ಅವ್ವ ಅರ್ಧ ರೊಟ್ಟಿ ತಿಂದು ಸಾಕು ಅಂದಳು. ಮಕ್ಕಳು ಮಂಚೂರಿಯಲ್ಲೇ ಹೊಟ್ಟೆ ತುಂಬಿಸಿಕೊಂಡರು. ಉಳಿದದ್ದೆಲ್ಲ ಪಾರ್ಸಲ್. ಗೋಡೆಯ ಮೇಲೆ ಟಿವಿ ಜೋರಾಗಿ ಅರಚುತ್ತಿತ್ತು, ಜಾಗಕ್ಕೆ ಕಾಯುತ್ತಿದ್ದವರು ನಮ್ಮ ಕುರ್ಚಿಗೆ ತಾಗಿಕೊಂಡೇ ನಿಂತಿದ್ದರು. ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು ಮೇಜಿನ ಮೇಲೆ. ಸಪ್ಲೈಯರ್ ಹುಡುಗನ ತಪ್ಪೇನಿಲ್ಲ, ಟೇಬಲ್ ಖಾಲಿ ಮಾಡಿಸು ಅಂತ ಗಲ್ಲಾದಿಂದ ಅವನಿಗೆ ಸನ್ನೆ ಬರ್ತಾನೇ ಇತ್ತು. ಅವ್ವ ಮನೆಗೆ ಬಂದು, ಇದಕ್ಕಿಂತ ಮನೇಲೇ ನಾಕು ರೊಟ್ಟಿ ಬಡಿದಿದ್ರೆ ಆಗ್ತಿತ್ತು ಅಂದಳು.

ಈ ಸಲ ಬೆಂಗಳೂರಿನಲ್ಲಿರುವ ತಮ್ಮ, ಎಲ್ಲರೂ ಇಲ್ಲಿಗೇ ಬನ್ನಿ ಅಂದ. ರಾತ್ರಿ ರೈಲು ಹತ್ತಿ ಹೋದೆವು. ಅವನು ಕರೆದುಕೊಂಡು ಹೋಗಿದ್ದು ಸ್ಪೇನ್ ದೇಶದ ತಾಪಸ್ ಊಟ ಕೊಡುವ ಒಂದು ಸಣ್ಣ ರೆಸ್ಟೋರೆಂಟಿಗೆ. ಹಳೇ ಮನೆಯನ್ನೇ ಹೋಟೆಲ್ ಮಾಡಿದ್ದಾರೆ. ಮೇಜುಗಳು ಜಾಸ್ತಿ ಇಲ್ಲ. ಗೋಡೆಗೆ ನೀಲಿ ಹೂವಿನ ಟೈಲ್ಸ್, ಮರದ ಕುರ್ಚಿ, ಕಣ್ಣಿಗೆ ಹೊಡೆಯದ ಹಳದಿ ದೀಪ. ಹಾಡು ಇತ್ತು, ಆದರೆ ಅದರ ಮೇಲೆ ಕೂಗಿ ಮಾತಾಡಬೇಕಾಗಿರಲಿಲ್ಲ. ಅವ್ವನ ಕಿವಿ ಸ್ವಲ್ಪ ಮಂದ, ಹಾಗಾಗಿ ಇದನ್ನು ನಾನು ಮೊದಲು ಗಮನಿಸಿದೆ.

ಅವ್ವ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟಲ್ಲ. ಸ್ಪೇನಿನವರಿಗೆ ಹಂದಿ ಮಾಂಸ, ಮೀನು, ಸೀಗಡಿ ಅಂದರೆ ಪ್ರಾಣ. ನೋಡೋಕೆ ನಮ್ಮ ಆಲೂ ಬೋಂಡಾದ ಹಾಗೇ ಕಾಣುವ ಕ್ರೊಕೆತಾದ ಒಳಗೂ ಹಂದಿ ಮಾಂಸದ ಚೂರು ಇರಬಹುದು. ಅದಕ್ಕೇ ತಮ್ಮನ ಹೆಂಡತಿ ಮೊದಲೇ ಫೋನ್ ಮಾಡಿ ಹೇಳಿದ್ದಳು. ಅಡುಗೆಯವರು ಮೇಜಿನ ಹತ್ತಿರ ಬಂದು, ಯಾವುದು ಅಜ್ಜಿಗೆ ಆಗುತ್ತೆ, ಯಾವುದು ಆಗಲ್ಲ, ಯಾವುದಕ್ಕೆ ಬೇರೆ ಬಾಣಲೆ ಇಡ್ತೀವಿ ಅಂತ ಒಂದೊಂದಾಗಿ ಹೇಳಿದರು. ಈ ಒಂದು ಮಾತಿಗೇ ಅವ್ವ ನಿರಾಳವಾಗಿ ಕುರ್ಚಿಗೆ ಒರಗಿ ಕೂತಳು.

ತಾಪಸ್ ಅಂದರೆ ಒಂದು ತಿಂಡಿಯ ಹೆಸರಲ್ಲ, ತಿನ್ನುವ ಒಂದು ಕ್ರಮ. ಸಣ್ಣ ಸಣ್ಣ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಬರುತ್ತೆ, ನಡುವೆ ಇಟ್ಟುಕೊಂಡು ಎಲ್ಲರೂ ಕೈ ಹಾಕೋದು. ಒಂದು ಮುಗಿಯುವಾಗ ಇನ್ನೊಂದು ಹೇಳೋದು. ಸ್ಪೇನಿನ ಗ್ರನಾದಾದಂಥ ಊರಿನಲ್ಲಿ ಕುಡಿಯೋಕೆ ಏನಾದರೂ ತಗೊಂಡರೆ ಜೊತೆಗೆ ಒಂದು ತಾಪಸ್ ತಟ್ಟೆ ಪುಕ್ಕಟೆ ಕೊಡುವ ರೂಢಿ ಇನ್ನೂ ಇದೆ. ಉತ್ತರದ ಬಾಸ್ಕ್ ಕಡೆ ಬ್ರೆಡ್ಡಿನ ತುಂಡಿನ ಮೇಲೆ ಪಲ್ಯ, ಮೀನು ಏನಾದರೂ ಇಟ್ಟು ಕಡ್ಡಿ ಚುಚ್ಚಿ ಸಾಲಾಗಿ ಜೋಡಿಸಿರುತ್ತಾರೆ. ಅಲ್ಲಿ ಎಷ್ಟೋ ಕಡೆ ಗಿರಾಕಿ ತನಗೆ ಬೇಕಾದ್ದು ತಿಂದ ಮೇಲೆ, ಕೊನೆಗೆ ತಟ್ಟೆಯಲ್ಲಿರುವ ಕಡ್ಡಿ ಎಣಿಸಿ ದುಡ್ಡು ತಗೋತಾರೆ. ಎಂಥ ನಂಬಿಕೆ ನೋಡಿ.

ನಮ್ಮ ಮೇಜಿಗೆ ಮೊದಲು ಬಂದಿದ್ದು ಆಲಿವ್ ಕಾಯಿ. ಅದು ಮಕ್ಕಳಿಗೆ ಹಿಡಿಸಲಿಲ್ಲ, ಅವ್ವನಿಗೆ ಉಪ್ಪಿನಕಾಯಿಯ ರುಚಿ ಸಿಕ್ಕಿತು. ಆಮೇಲೆ ಸುಟ್ಟ ಬ್ರೆಡ್ಡಿಗೆ ಹಸಿ ಬೆಳ್ಳುಳ್ಳಿ ತಿಕ್ಕಿ, ಹಣ್ಣು ಟೊಮೆಟೊ ತಿಕ್ಕಿ, ಎಣ್ಣೆ ಬಿಟ್ಟು, ಉಪ್ಪು ಉದುರಿಸಿದ್ದು. ಇದು ಸ್ಪೇನಿನ ಕತಲಾನ್ ಕಡೆಯದು. ಇಷ್ಟೇನಾ ಅನಿಸುತ್ತೆ, ತಿಂದರೆ ಬಿಡೋಕಾಗಲ್ಲ. ನಮ್ಮಲ್ಲಿ ಬಿಸಿ ರೊಟ್ಟಿಗೆ ಕೆಂಪು ಖಾರ ಸವರಿ ಶೇಂಗಾ ಎಣ್ಣೆ ಬಿಟ್ಟುಕೊಂಡು ತಿಂತೀವಲ್ಲ, ಅವ್ವ ಅದನ್ನೇ ನೆನೆಸಿಕೊಂಡಳು.

ಮೆಣಸಿನಕಾಯಿ ತಟ್ಟೆಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ಸ್ಪೇನಿನ ಗಲೀಸಿಯಾ ಪ್ರಾಂತ್ಯದಲ್ಲಿ ಪಾದ್ರೋನ್ ಅಂತ ಊರಿದೆ. ಅಲ್ಲಿ ಬೆರಳುದ್ದದ ಹಸಿರು ಮೆಣಸಿನಕಾಯಿ ಬೆಳೀತಾರೆ. ಹೆಚ್ಚಿನವು ಸಪ್ಪೆ, ನಡುವೆ ಯಾವುದೋ ಒಂದು ಮಾತ್ರ ಸಿಕ್ಕಾಪಟ್ಟೆ ಖಾರ. ನೋಡಿ ಹೇಳೋಕಾಗಲ್ಲ, ಕಚ್ಚಿದ ಮೇಲೇ ಗೊತ್ತಾಗೋದು. ಹಾಗೇ ಇಡಿಯಾಗಿ ಎಣ್ಣೆಯಲ್ಲಿ ಹುರಿದು ಮೇಲೆ ಕಲ್ಲುಪ್ಪು ಉದುರಿಸಿ ಕೊಡ್ತಾರೆ. ಆ ಕಾಯಿ ಇಲ್ಲಿ ಸಿಗದ ಕಾರಣ ನಮ್ಮ ಬಜ್ಜಿ ಮೆಣಸಿನಕಾಯಲ್ಲೇ ಮಾಡಿದ್ದರು, ನಡುವೆ ಎರಡು ಮೂರು ಖಾರದ್ದನ್ನು ಬೆರೆಸಿ. ಸಿಪ್ಪೆ ಅಲ್ಲಲ್ಲಿ ಗುಳ್ಳೆ ಎದ್ದು ಕಪ್ಪಾಗಿತ್ತು, ತೊಟ್ಟು ಹಿಡಿದು ಬಾಯಿಗಿಟ್ಟುಕೊಳ್ಳೋದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡ್ತಾ ಒಂದೊಂದೇ ಕಚ್ಚಿದರು. ಮೇಜಿನ ಸುತ್ತ ಎಲ್ಲರೂ ಕಾಯೋದು, ಯಾರಿಗೆ ಖಾರದ್ದು ಬಂತು ಅಂತ. ಕೊನೆಗೆ ಅವ್ವನಿಗೆ ಬಂತು. ಅವಳು ಸುಮ್ನೆ ಅಗಿದು ನುಂಗಿ, ನಮ್ಮ ಹೊಲದ್ದರ ಮುಂದೆ ಇದೇನು ಖಾರ ಅಂದಳು. ನನ್ನ ಮಗ ಮೊಬೈಲ್ ಕೆಳಗಿಟ್ಟು ಅಜ್ಜಿಯ ಹೊಲದ ಕತೆ ಕೇಳಿದ್ದು ಅವತ್ತೇ ಮೊದಲು.

ಅಜ್ಜಿ ಮೊಮ್ಮಗನ ಮಾತು ಮೆಣಸಿನಕಾಯಿಯಿಂದಲೇ ಬೆಳೆಯಿತು. ನಮ್ಮ ತವರಿನವರು ಕುರುಗೋಡು ಕಡೆ ಬ್ಯಾಡಗಿ ತಳಿ ಬೆಳೆದವರು. ಈಗಲೂ ಬಳ್ಳಾರಿ ಜಿಲ್ಲೆಯ ಎಷ್ಟೋ ರೈತರು ಚೀಲ ಕಟ್ಟಿ ಲಾರಿಗೆ ಹಾಕಿ ಬ್ಯಾಡಗಿ ಮಾರುಕಟ್ಟೆಗೇ ಒಯ್ಯುತ್ತಾರೆ. ಆ ಕಾಯಿಗೆ ಬೆಲೆ ಬರೋದು ಖಾರದಿಂದಲ್ಲ, ಬಣ್ಣದಿಂದ. ಸ್ಪೇನಿನಲ್ಲೂ ಹಾಗೇ ಒಂದು ಕಡೆ ಇದೆ, ಲಾ ವೆರಾ ಅಂತ. ಅಲ್ಲಿ ಕೆಂಪು ಮೆಣಸಿನಕಾಯಿಯನ್ನು ಓಕ್ ಮರದ ಸೌದೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸಿ ಪುಡಿ ಮಾಡ್ತಾರೆ. ಆ ಪುಡಿ ಹಾಕಿದ ಸಾಸನ್ನು ಹುರಿದ ಆಲೂಗಡ್ಡೆ ಮೇಲೆ ಸುರಿದರೆ ಅದೇ ಪತಾತಾಸ್ ಬ್ರಾವಾಸ್. ನಮ್ಮ ಮೇಜಿನಲ್ಲಿ ಮತ್ತೆ ಮತ್ತೆ ತರಿಸಿಕೊಂಡಿದ್ದು ಅದನ್ನೇ. ಅವರಿಗೂ ಮೆಣಸಿನಕಾಯಿ ಸ್ವಂತದ್ದಲ್ಲ, ನಮಗೂ ಅಲ್ಲ. ಕೊಲಂಬಸ್ 1492ರಲ್ಲಿ ಹೊರಟು ಮಾರನೇ ವರ್ಷ ವಾಪಸ್ ಬರುವಾಗ ಅಮೆರಿಕದ ಕಡೆಯಿಂದ ಸ್ಪೇನಿಗೆ ತಂದ. ಅಲ್ಲಿಂದ ಮುಂದೆ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಪಡುವಣ ಕರಾವಳಿಗೆ ಬಂತು. ಆಲೂಗಡ್ಡೆ, ಟೊಮೆಟೊ ಕೂಡ ಆ ಕಡೆಯವೇ. ಇದನ್ನೆಲ್ಲ ನಮ್ಮಕ್ಕನ ಮಗಳು ಹೇಳ್ತಾ ಹೋದಳು, ಅವಳು ಇತಿಹಾಸ ಓದುತ್ತಿದ್ದಾಳೆ. ಹಂಪಿಯಲ್ಲಿ ಕೃಷ್ಣದೇವರಾಯ ಆಳುವಾಗ ಅರಮನೆ ಅಡುಗೆಗೆ ಖಾರ ಅಂದರೆ ಕಾಳುಮೆಣಸು ಅಂತ ಅವಳು ಅಂದಾಗ ಅವ್ವ ನಂಬಲೇ ಇಲ್ಲ. ಮಿರ್ಚಿ ಇಲ್ಲದ ಬಳ್ಳಾರಿ ಅಂತ ಒಂದಿತ್ತಾ ಅಂತ ವಾದಕ್ಕೇ ಕೂತಳು.

ಪಾಲಕ್ ಸೊಪ್ಪು, ಕಡಲೆಕಾಳು ಸೇರಿಸಿ ಜೀರಿಗೆ, ಬೆಳ್ಳುಳ್ಳಿ ಹಾಕಿದ್ದೊಂದು ಬಂತು. ಸೆವಿಲ್ಯಾ ಊರಿನದು. ಅದು ಅವ್ವನಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಸೆವಿಲ್ಯಾದಲ್ಲೂ ಬೇಸಿಗೆಯಲ್ಲಿ ನಮ್ಮೂರಿನ ಹಾಗೇ 40 ಡಿಗ್ರಿ ದಾಟುತ್ತೆ. ಅದಕ್ಕೇ ಅಲ್ಲಿ ಟೊಮೆಟೊ, ಸೌತೆಕಾಯಿ ರುಬ್ಬಿ ತಣ್ಣಗೆ ಕುಡಿಯುವ ಗಜ್‌ಪಾಚೋ ಇದೆ, ನಮ್ಮಲ್ಲಿ ಅಂಬಲಿ ಮಜ್ಜಿಗೆ ಇರುವ ಹಾಗೆ. ಬಿಸಿಲು ಇಳಿದ ಮೇಲೇ ಅಲ್ಲಿನವರು ಹೊರಗೆ ಬರೋದು, ರಾತ್ರಿ ಒಂಬತ್ತು ಹತ್ತಕ್ಕೆ ಊಟ ಶುರು. ಕೇಕ್ ಬದಲು ಚುರೋ ಅಂತ ಕರಿದ ತಿಂಡಿಗೆ ಬಿಸಿ ಚಾಕೊಲೇಟ್ ಕೊಟ್ಟರು, ಮೊಟ್ಟೆ ಹಾಕದ್ದು ಅಂತ ಕೇಳಿ ಖಾತ್ರಿ ಮಾಡಿಕೊಂಡೆವು. ಎದ್ದಾಗ ಗಂಟೆ ಎಷ್ಟಾಗಿತ್ತೋ, ಯಾರೂ ನಮ್ಮ ಕಡೆ ನೋಡಲಿಲ್ಲ, ಬಿಲ್ಲು ನಾವು ಕೇಳಿದ ಮೇಲೇ ಬಂತು. ಕಡಿಮೆಯೇನೂ ಆಗಲಿಲ್ಲ. ಆದರೆ ಒಂದು ಚೂರೂ ಪಾರ್ಸಲ್ ಮಾಡಿಸಬೇಕಾಗಲಿಲ್ಲ.

ಬಳ್ಳಾರಿಯಲ್ಲಿ ಸ್ಪೇನ್ ಊಟ ತೆಗೀರಿ ಅಂತ ನಾನು ಹೇಳ್ತಿಲ್ಲ. ನಮಗೆ ಬೇಕಿರೋದು ಆ ಕ್ರಮ.

ಸ್ಪೇನಿನಲ್ಲಿ ಎಷ್ಟೋ ಕಡೆ ಒಂದೇ ಪದಾರ್ಥ ಮೂರು ಅಳತೆಯಲ್ಲಿ ಸಿಗುತ್ತೆ. ತಾಪಾ ಅಂದರೆ ರುಚಿಗಷ್ಟು, ಅದಕ್ಕಿಂತ ದೊಡ್ಡದು ಅರ್ಧ ಪ್ಲೇಟ್, ಆಮೇಲೆ ಪೂರ್ತಿ ಪ್ಲೇಟ್. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಸಣ್ಣ ಮಕ್ಕಳು ಎಲ್ಲ ಇರ್ತಾರೆ. ಒಬ್ಬರ ಹೊಟ್ಟೆ ಇನ್ನೊಬ್ಬರದ್ದಲ್ಲ. ಬೈಟು ಕಾಫಿ, ಸಿಂಗಲ್ ಇಡ್ಲಿ, ಹಾಫ್ ಪಲಾವ್ ಅಂತ ಕೊಟ್ಟು ಅಭ್ಯಾಸ ಇರುವ ನಮ್ಮ ಹೋಟೆಲಿನವರಿಗೆ ಇದು ಕಷ್ಟ ಅಲ್ವೇ ಅಲ್ಲ. ಬೆಳಗ್ಗೆ ತಿಂಡಿಗೆ ಆಗೋದು ರಾತ್ರಿ ಊಟಕ್ಕೆ ಯಾಕೆ ಆಗಲ್ಲ?

ಸಣ್ಣ ತಟ್ಟೆಗೆ ಹೇಳಿ ಮಾಡಿಸಿದ ತಿಂಡಿ ನಮ್ಮಲ್ಲಿ ಇರುವಷ್ಟು ಬೇರೆ ಎಲ್ಲೂ ಇರಲಿಕ್ಕಿಲ್ಲ. ವಗ್ಗಾಣಿ ಒಂದು ಹಿಡಿ, ಮೇಲೆ ಎರಡು ಮಿರ್ಚಿ. ಪಡ್ಡು ನಾಲ್ಕು. ಅಂಗೈ ಅಗಲದ ಸಜ್ಜೆ ರೊಟ್ಟಿ, ಅದರ ಮೇಲೆ ಎಣ್ಣೆಗಾಯಿಯ ಒಂದು ಬದನೆ. ಪುಂಡಿ ಪಲ್ಯ, ಮಡಕೆಕಾಳು ಪಲ್ಯ, ಜುಣಕ, ರಂಜಕ, ಗುರೆಳ್ಳು ಪುಡಿ, ಶೇಂಗಾ ಚಟ್ನಿಗೆ ಗಟ್ಟಿ ಮೊಸರು. ಕೊನೆಗೆ ಶೇಂಗಾ ಹೋಳಿಗೆಯ ಕಾಲು ತುಂಡು ತುಪ್ಪದ ಜೊತೆ. ಮಾಂಸ ತಿನ್ನುವವರಿಗೆ ಅವರದ್ದು. ಈಗ ಇದನ್ನೆಲ್ಲ ತಿನ್ನಬೇಕು ಅಂದರೆ ವಗ್ಗಾಣಿಗೆ ಬಂಡಿ ಮುಂದೆ ನಿಲ್ಲಬೇಕು, ರೊಟ್ಟಿಗೆ ಖಾನಾವಳಿಗೆ ಹೋಗಬೇಕು, ಹೋಳಿಗೆಗೆ ಇನ್ನೊಂದು ಕಡೆ. ಖಾನಾವಳಿಯಲ್ಲಿ ಪ್ರೀತಿಯಿಂದ ಇನ್ನೊಂದ್ರೊಟ್ಟಿ ಹಾಕ್ಲೇನ್ರೀ ಅಂತ ಕೇಳ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಸಿದು ಬಂದವರು ಉಂಡು ಏಳುವ ಜಾಗ. ಮೂರು ತಲೆಮಾರು ಒಂದೇ ಮೇಜಿಗೆ ಕೂತು ಹರಟೋಕೆ ಅಲ್ಲಿ ಜಾಗವೂ ಇಲ್ಲ, ಕುರ್ಚಿಯೂ ಇಲ್ಲ. ದೊಡ್ಡ ಹೋಟೆಲಿಗೆ ಹೋದರೆ ಜಾಗ ಇದೆ, ನಮ್ಮ ಊಟ ಇಲ್ಲ.

ಇನ್ನೊಂದು ಮಾತು ಹೆಣ್ಣುಮಕ್ಕಳ ಪರವಾಗಿ. ಸ್ಪೇನಿನಲ್ಲಿ ತಾಪಸ್ ಕೊಡುವ ಬಾರ್‌ಗೆ ಅಜ್ಜಿಯರು ಬರ್ತಾರೆ, ಕೂಸು ಎತ್ತಿಕೊಂಡ ತಾಯಂದಿರು ಬರ್ತಾರೆ. ನಮ್ಮೂರಲ್ಲಿ ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ತಿಂತಾ ಗಂಟೆಗಟ್ಟಲೆ ಕೂರುವ ಸವಲತ್ತು ಇರೋದು ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಮಾತ್ರ, ಅದೂ ಗಂಡಸರಿಗೆ. ಅಲ್ಲಿ ಶೇಂಗಾ ಮಸಾಲಾ, ಸೌತೆಕಾಯಿ, ಚಿಲ್ಲಿ ಇದು ಅದು ಅಂತ ಸಣ್ಣ ಪ್ಲೇಟುಗಳು ಬರ್ತಾನೇ ಇರ್ತವೆ, ಯಾರೂ ಎದ್ದೇಳಿ ಅನ್ನಲ್ಲ. ಹೆಂಗಸರು, ಮಕ್ಕಳು ಬಂದರೆ ಪರದೆ ಹಾಕಿದ ಫ್ಯಾಮಿಲಿ ರೂಮಿನಲ್ಲಿ ಕೂರಿಸಿ ಬೇಗ ಸಾಗಹಾಕ್ತಾರೆ. ಮಜ್ಜಿಗೆ, ಪಾನಕ, ನಿಂಬೆ ಶರಬತ್ತು ಇಟ್ಟುಕೊಂಡೇ ಇಂಥ ಒಂದು ಜಾಗ ಮಾಡಬಹುದು. ಕೂತು ಮಾತಾಡುವ ಆಸೆ ನಮಗೂ ಇದೆ.

ಮಾಲೀಕರು ಏನು ಹೇಳ್ತಾರೆ ಅಂತ ಗೊತ್ತು. ಬಾಡಿಗೆ, ಕರೆಂಟು, ಕೆಲಸದವರ ಸಂಬಳ, ಟೇಬಲ್ ತಿರುಗದಿದ್ದರೆ ಗಿಟ್ಟಲ್ಲ. ನನ್ನ ಗಂಡನದ್ದೂ ಸಣ್ಣ ವ್ಯಾಪಾರವೇ, ಆ ಕಷ್ಟ ನನಗೂ ಗೊತ್ತು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಅವಸರದಲ್ಲಿ ಎದ್ದ ಮನೆಯವರು ನಾಲ್ಕು ಪದಾರ್ಥ ಹೇಳಿ ಹೋಗ್ತಾರೆ. ಆರಾಮಾಗಿ ಕೂತವರು ಇದೊಂದು ನೋಡೋಣ, ಅದೊಂದು ನೋಡೋಣ ಅಂತ ತರಿಸ್ತಾನೇ ಇರ್ತಾರೆ. ಭಾನುವಾರ ಆಗದಿದ್ದರೆ ಬೇಡ. ಸೋಮವಾರದಿಂದ ಗುರುವಾರದ ತನಕ ಸಂಜೆ ಎಷ್ಟೋ ಹೋಟೆಲುಗಳಲ್ಲಿ ಅರ್ಧ ಟೇಬಲ್ ಖಾಲಿ ಇರ್ತವೆ, ಅವತ್ತು ಫೋನ್ ಮಾಡಿ ಹೇಳಿದವರಿಗೆ ಒಂದು ಮೂಲೆ ಬಿಟ್ಟುಕೊಡಿ. ಇಷ್ಟು ಹೊತ್ತು ಕೂರಬಹುದು, ತಲೆಗೆ ಇಷ್ಟಾದರೂ ಬಿಲ್ಲು ಆಗಬೇಕು ಅಂತ ಮೊದಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಹೋಟೆಲಿನವರು ಮನಸ್ಸು ಮಾಡದಿದ್ದರೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಡೆಸುವ ಅಕ್ಕ ಕೆಫೆಯಲ್ಲಿ ಶುರು ಮಾಡಬಹುದು. ರೊಟ್ಟಿ, ಪಲ್ಯ, ಚಟ್ನಿಪುಡಿ ಅವರ ಕೈಯಲ್ಲೇ ಇದೆ. ಹಂಪಿ ಉತ್ಸವದಲ್ಲೂ ಒಮ್ಮೆ ಮಾಡಿ ನೋಡಬಹುದು. ಹಂಪಿಗೆ ಬರುವ ವಿದೇಶದವರಿಗೆ ನಾವು ಪಾಸ್ತಾ, ಪ್ಯಾನ್‌ಕೇಕ್ ಮಾಡಿ ಕೊಡ್ತೀವಿ, ಅದು ಅವರಿಗೆ ಅವರ ಊರಲ್ಲೇ ಸಿಗುತ್ತೆ. ಪೂರ್ತಿ ರೊಟ್ಟಿ ಊಟ ಅಂದರೆ ಖಾರಕ್ಕೆ ಹೆದರಿ ಹಿಂದೆ ಸರೀತಾರೆ. ಒಂದು ಚಮಚ ಪುಂಡಿ ಪಲ್ಯ, ಒಂದು ತುಂಡು ರೊಟ್ಟಿ ಅಂತ ಕೊಟ್ಟರೆ ತಿಂದು ನೋಡೇ ನೋಡ್ತಾರೆ.

ಇದನ್ನು ಓದುವ ಯಾರಾದರೂ ಮಾಲೀಕರಿಗೆ ಮನಸ್ಸಾದರೆ ದೊಡ್ಡ ಖರ್ಚೇನೂ ಬೇಡ. ನೆಲ ಅಂತಸ್ತಿನಲ್ಲಿ ಒಂದು ದುಂಡು ಮೇಜು, ಏಕೆಂದರೆ ಮಂಡಿ ನೋವಿನವರಿಗೆ ಮೆಟ್ಟಿಲು ಹತ್ತೋಕಾಗಲ್ಲ. ಬೆನ್ನಿಗೆ ಆಸರೆ ಇರುವ ಕುರ್ಚಿ. ಟಿವಿ ಆಫ್. ಹತ್ತು ಬಗೆಯ ಸಣ್ಣ ತಟ್ಟೆ, ಬೆಲೆ ಬೋರ್ಡಿನ ಮೇಲೆ ಕನ್ನಡದಲ್ಲಿ, ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದೆ ಅಂತ ಕೇಳಿದರೆ ಬೇಸರವಿಲ್ಲದೆ ಹೇಳುವ ಒಬ್ಬ ಹುಡುಗ ಅಥವಾ ಹುಡುಗಿ. ಬೋರ್ಡು ಹಾಕಿದ ಮೇಲೆ ಇದೇ ಅಂಕಣಕ್ಕೆ ಎರಡು ಸಾಲು ಬರೆದು ತಿಳಿಸಿ. ನಮ್ಮ ಮನೆಯಲ್ಲಿ ಅಷ್ಟೇ ಅಲ್ಲ, ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೇಳುವ ಜವಾಬ್ದಾರಿ ನನ್ನದು.

ಇಂತಿ,
ನಿಮ್ಮ ಓದುಗಳು
ಗಾಂಧಿನಗರ, ಬಳ್ಳಾರಿ